ಚೀನೀ ಭಾಷೆಯಲ್ಲಿ ಸುಖದುಃಖಗಳ ಮಾತು

ನಮ್ಮ ನಾಡಿನ ವಿದ್ಯಾರ್ಥಿಯೊಬ್ಬನು ವೈದ್ಯಶಿಕ್ಷಣಕ್ಕಾಗಿ ಚೀನಾ ದೇಶಕ್ಕೆ ಹೋಗಿರುವನೆಂದು ಊಹಿಸಿಕೊಳ್ಳೋಣ. ಆರು ತಿಂಗಳಲ್ಲಿ ಆತನು ಅಂಗಡಿಯಲ್ಲಿ ಬೆಲೆ ಕೇಳುವಷ್ಟು, ಬೀದಿಯಲ್ಲಿ ದಾರಿ ವಿಚಾರಿಸುವಷ್ಟು ಚೀನೀ ಭಾಷೆಯನ್ನು ಕಲಿತಿದ್ದಾನೆ. ಒಂದು ದಿನ ಬೆಳಿಗ್ಗೆ ಅವನ ಕೊಠಡಿಯ ಜೊತೆಗಾರನು ಮುಖ ಬಾಡಿಸಿಕೊಂಡು ಕುಳಿತಿದ್ದಾನೆ. ಊರಿನಲ್ಲಿ ಅಜ್ಜಿ ತೀರಿಕೊಂಡ ಸುದ್ದಿ ಬಂದಿದೆ. ಏನಾದರೂ ಹೇಳಬೇಕು. ನಮ್ಮ ವಿದ್ಯಾರ್ಥಿಯು ಇಂಗ್ಲಿಷಿನ ‘ಸಾರಿ’ ಎಂಬ ಮಾತನ್ನು ನೆನೆದು, ಅದಕ್ಕೆ ಸಮನಾದುದೆಂದು ಕಲಿತಿದ್ದ ‘ತ್ವೇಪುಛೀ’ ಎಂಬ ಪದವನ್ನು ಮರುಕದಿಂದ ನುಡಿಯುತ್ತಾನೆ. ಜೊತೆಗಾರನು ಏನೂ ತಿಳಿಯದವನಂತೆ ಅವನ ಮುಖವನ್ನು ನೋಡುತ್ತಾನೆ. ಏಕೆಂದರೆ ‘ತ್ವೇಪುಛೀ’ ಎಂಬುದು ತಪ್ಪು ಮಾಡಿದವನು ಕ್ಷಮೆ ಬೇಡುವ ಮಾತೇ ಹೊರತು ಮರುಕದ ಮಾತಲ್ಲ. ಅಜ್ಜಿಯ ಸಾವಿಗೆ ತಾನೇ ಕಾರಣನೆಂದು ಒಪ್ಪಿಕೊಂಡಂತೆ ಅದು ಕೇಳಿಸುವುದು!

ಬೆಲೆ ಕೇಳುವಾಗ ಒಂದು ಪದ ತಪ್ಪಿದರೆ ನಷ್ಟವಾಗುವುದು ನಾಲ್ಕು ಕಾಸು. ದುಃಖದಲ್ಲಿರುವವನೊಡನೆ ಆಡುವ ಮಾತು ತಪ್ಪಿದರೆ ನಷ್ಟ ಅದಕ್ಕಿಂತ ದೊಡ್ಡದು. ಭಾವನೆಗಳನ್ನು ಹೇಳಲು ಪದಕ್ಕೆ ಪದವನ್ನು ಬದಲಿಸಿದರೆ ಸಾಲದು. ಆ ಭಾಷೆಯ ವಾಕ್ಯದ ಅಚ್ಚನ್ನೂ, ಪದದ ಒಳಗಿನ ಚಿತ್ರವನ್ನೂ, ಅದನ್ನು ನುಡಿಯುವ ಸಂದರ್ಭವನ್ನೂ ಅರಿತಿರಬೇಕು. ಚೀನೀ ಭಾಷೆಯಲ್ಲಿ ಇವು ಮೂರೂ ಹೇಗಿವೆಯೆಂಬುದನ್ನು ಈ ಲೇಖನದಲ್ಲಿ ನೋಡೋಣ. ಚೀನೀ ಭಾಷೆಯೆಂದರೆ ಇಲ್ಲಿ ಬೀಜಿಂಗಿನ ಉಚ್ಚಾರಣೆಯನ್ನು ಆಧರಿಸಿದ, ಶಾಲೆಗಳಲ್ಲಿ ಕಲಿಸುವ ಶಿಷ್ಟ ಭಾಷೆ.

ಮೊದಲು ಉಚ್ಚಾರಣೆಯ ವಿಷಯ. 1958ರಲ್ಲಿ ಚೀನಾ ಸರ್ಕಾರವು ಅಂಗೀಕರಿಸಿದ ‘ಪಿನ್‌ಯಿನ್’ ಎಂಬ ರೋಮನ್ ಬರವಣಿಗೆಯನ್ನು ಕಂಡು ಅನೇಕರು ಮೋಸಹೋಗುವರು. ಅದರಲ್ಲಿ ‘ಜಿ’ ಅಕ್ಷರದಿಂದ ಬರೆದ ಧ್ವನಿಯು ನಿಜವಾಗಿ ನಮ್ಮ ‘ಕ’ಕಾರಕ್ಕೆ ಹತ್ತಿರ, ‘ಕೆ’ ಅಕ್ಷರದಿಂದ ಬರೆದದ್ದು ‘ಖ’ಕಾರ. ‘ಬಿ’ ಎಂದರೆ ‘ಪ’, ‘ಪಿ’ ಎಂದರೆ ‘ಫಲ’ ಎಂಬಲ್ಲಿಯ ಮಹಾಪ್ರಾಣ. ಅಲ್ಪಪ್ರಾಣ ಮಹಾಪ್ರಾಣಗಳ ಭೇದವನ್ನು ಬಾಲ್ಯದಲ್ಲೇ ಕಲಿತ ಕನ್ನಡಿಗನಿಗೆ ಈ ವಿಷಯದಲ್ಲಿ ಒಂದು ಅನುಕೂಲ ಉಂಟು. ನಾವು ಇಲ್ಲಿ ಚೀನೀ ಪದಗಳನ್ನು ಈ ಕ್ರಮದಲ್ಲಿಯೇ ಬರೆದಿದ್ದೇವೆ.

ಆದರೆ ಕನ್ನಡದಲ್ಲಿ ಇಲ್ಲದ ಒಂದು ಅಂಶವೂ ಅಲ್ಲಿದೆ. ಅದು ಸ್ವರದ ಏರಿಳಿತ. ‘ಆಯ್’ ಎಂಬ ಒಂದೇ ಉಚ್ಚಾರವನ್ನು ತೆಗೆದುಕೊಳ್ಳೋಣ. ಎತ್ತರದ ಸ್ವರದಲ್ಲಿ ಸಮನಾಗಿ ಎಳೆದರೆ ಅದು ‘ಶೋಕ’. ಸ್ವರವನ್ನು ಕೆಳಗಿನಿಂದ ಮೇಲಕ್ಕೆ ಏರಿಸಿದರೆ ‘ಅರ್ಬುದರೋಗ’. ತಗ್ಗಿಸಿ ಮತ್ತೆ ಸ್ವಲ್ಪ ಎತ್ತಿದರೆ ‘ಕುಳ್ಳು’. ಮೇಲಿನಿಂದ ಥಟ್ಟನೆ ಇಳಿಸಿದರೆ ‘ಪ್ರೀತಿ’. ಪ್ರೀತಿಗೂ ಶೋಕಕ್ಕೂ ನಡುವೆ ಇರುವುದು ಕಂಠದ ಒಂದು ಇಳಿತ ಮಾತ್ರ! ಆದುದರಿಂದ ಪದವನ್ನು ಅದರ ಸ್ವರದೊಡನೆಯೇ ಬಾಯಿಪಾಠ ಮಾಡಬೇಕು. ಸ್ವರವನ್ನು ಅನಂತರ ಸೇರಿಸಿಕೊಳ್ಳೋಣವೆಂದರೆ ಆಗದು.

ಇನ್ನು ವಾಕ್ಯದ ಅಚ್ಚು. ‘ನನಗೆ ಸಂತೋಷವಾಗಿದೆ’ ಎನ್ನಲು ಚೀನೀಯರು ‘ವೊ ಹನ್ ಕಾವ್‌ಶಿಂಗ್’ ಎನ್ನುವರು. ‘ವೊ’ ಎಂದರೆ ನಾನು, ‘ಹನ್’ ಎಂದರೆ ಬಹಳ, ‘ಕಾವ್‌ಶಿಂಗ್’ ಎಂದರೆ ಸಂತುಷ್ಟ. ‘ಇರು’, ‘ಆಗು’ ಎಂಬ ಅರ್ಥದ ಕ್ರಿಯಾಪದ ಇಲ್ಲಿ ಎಲ್ಲಿಯೂ ಇಲ್ಲ. ಚೀನೀ ಭಾಷೆಯಲ್ಲಿ ‘ಷಿ’ ಎಂಬ ಅಂತಹ ಪದವೇನೋ ಉಂಟು. ಆದರೆ ಅದು ನಾಮಪದಗಳನ್ನು ಜೋಡಿಸಲು ಮಾತ್ರ. ‘ನಾನು ವಿದ್ಯಾರ್ಥಿ’ ಎನ್ನಲು ‘ವೊ ಷಿ ಶ್ಯುಎಷಂಗ್’ ಎನ್ನಬೇಕು. ನಮ್ಮಲ್ಲಿ ಇದು ತಲೆಕೆಳಗು: ‘ನಾನು ವಿದ್ಯಾರ್ಥಿ’ ಎಂಬಲ್ಲಿ ಕ್ರಿಯಾಪದ ಬೇಡ, ‘ಸಂತೋಷವಾಗಿದೆ’ ಎಂಬಲ್ಲಿ ಬೇಕು. ಇಂಗ್ಲಿಷಿನ ಅಭ್ಯಾಸದಿಂದ ‘ವೊ ಷಿ ಕಾವ್‌ಶಿಂಗ್’ ಎನ್ನುವುದು ಹೊಸಬರು ಮಾಡುವ ಸಾಮಾನ್ಯ ತಪ್ಪು.

‘ಹನ್’ ಎಂಬ ಪದದ ಕೆಲಸವೂ ವಿಚಿತ್ರವಾದುದು. ಅದನ್ನು ಒತ್ತಿ ನುಡಿಯದಿದ್ದರೆ ‘ಬಹಳ’ ಎಂಬ ಅರ್ಥ ಅದರಲ್ಲಿ ಅಷ್ಟಾಗಿ ಉಳಿದಿರುವುದಿಲ್ಲ. ವಾಕ್ಯವನ್ನು ಪೂರ್ಣಗೊಳಿಸಲೆಂದು ಅದು ಬರುವುದು. ಬರಿಯ ‘ವೊ ಕಾವ್‌ಶಿಂಗ್’ ಎಂದು ನಿಲ್ಲಿಸಿದರೆ, ‘ನನಗೇನೋ ಸಂತೋಷ, ಆದರೆ ಅವನಿಗೆ...’ ಎಂದು ಮುಂದೆ ಹೋಲಿಕೆಯೊಂದು ಬರಲಿದೆಯೆಂದು ಕೇಳುವವನು ಕಾಯುವನು. ಸ್ವಲ್ಪ ಎಂಬ ಅರ್ಥದ ‘ಯೋತ್ಯಾರ್’ ಎಂಬ ಮಾತಿಗೂ ಇಂತಹ ಒಂದು ಸ್ವಭಾವವಿದೆ. ಅದನ್ನು ಹೆಚ್ಚಾಗಿ ಬಳಸುವುದು ಬೇಡದ ಭಾವಗಳೊಡನೆ. ಸ್ವಲ್ಪ ದುಃಖ, ಸ್ವಲ್ಪ ಭಯ ಎನ್ನಬಹುದು, ಸ್ವಲ್ಪ ಸಂತೋಷ ಎಂದರೆ ಸಹಜವಾಗಿ ಕೇಳಿಸದು.

ಮತ್ತೊಂದು ಕಡೆ ನಮ್ಮ ಭಾಷೆಯೂ ಅವರ ಭಾಷೆಯೂ ಒಂದೇ ದಾರಿಯಲ್ಲಿ ನಡೆಯುವುವು. ಸಿಟ್ಟಿನ ಮಾತು ‘ಷಂಗ್‌ಛೀ’. ‘ಅವನಿಗೆ ಸಿಟ್ಟು ಬಂತು’ ಎನ್ನಲು ‘ಥಾ ಷಂಗ್‌ಛೀ ಲ’ ಎನ್ನುವರು. ಕೊನೆಯ ‘ಲ’ಕಾರವು ಸ್ಥಿತಿ ಬದಲಾಯಿತೆಂಬುದನ್ನು ಸೂಚಿಸುವುದು: ಮೊದಲು ಇರಲಿಲ್ಲ, ಈಗ ಬಂದಿದೆ. ‘ನನಗೆ ಹಸಿವಾಯಿತು’ ಎಂದು ನಾವು ಹೇಳುವಾಗ ರೂಪವು ಭೂತಕಾಲದ್ದಾದರೂ ಹಸಿವು ಈಗಿನದೇ ಅಲ್ಲವೆ? ಈ ಕನ್ನಡದ ನುಡಿಗಟ್ಟನ್ನು ನೆನಪಿನಲ್ಲಿಟ್ಟುಕೊಂಡವನಿಗೆ ‘ಲ’ಕಾರದ ಮರ್ಮ ಬೇಗನೆ ತಿಳಿಯುವುದು.

ಈಗ ಪದಗಳ ಒಳಗಿನ ಚಿತ್ರಕ್ಕೆ ಬರೋಣ. ‘ಶಿನ್’ ಎಂದರೆ ಹೃದಯ. ಈ ಒಂದು ಪದವನ್ನು ಕಲಿತವನಿಗೆ ಭಾವನೆಗಳ ಒಂದು ಗುಂಪೇ ಕೈವಶವಾಗುವುದು. ‘ಖಾಯ್‌ಶಿನ್’ ಎಂದರೆ ಹೃದಯ ತೆರೆಯಿತು, ಅಂದರೆ ಸಂತೋಷ. ‘ಷಾಂಗ್‌ಶಿನ್’ ಎಂದರೆ ಹೃದಯಕ್ಕೆ ಗಾಯ, ಅಂದರೆ ದುಃಖ. ‘ತಾನ್‌ಶಿನ್’ ಎಂಬಲ್ಲಿಯ ‘ತಾನ್’ ಎಂದರೆ ಹೆಗಲ ಮೇಲೆ ಹೊರುವುದು. ಹೃದಯವನ್ನೇ ಹೊರೆಯಾಗಿ ಹೊತ್ತವನು ಚಿಂತೆಯಲ್ಲಿರುವವನು. ಅದನ್ನು ಕೆಳಗಿಳಿಸಿದರೆ ‘ಫ಼ಾಂಗ್‌ಶಿನ್’, ಅಂದರೆ ಚಿಂತೆ ಬಿಡು ಎಂಬ ಸಮಾಧಾನದ ಮಾತು. ಆದರೆ ಚಿತ್ರವನ್ನು ನಂಬಿ ಎಲ್ಲವನ್ನೂ ಊಹಿಸುವಂತಿಲ್ಲ. ‘ಶ್ಯಾವ್‌ಶಿನ್’ ಎಂದರೆ ಅಕ್ಷರಶಃ ‘ಚಿಕ್ಕ ಹೃದಯ’. ಅದರ ಅರ್ಥ ಮಾತ್ರ ಜಿಪುಣತನವೂ ಅಲ್ಲ, ಸಣ್ಣ ಮನಸ್ಸೂ ಅಲ್ಲ, ‘ಎಚ್ಚರಿಕೆ’ ಎಂದು!

ಬರವಣಿಗೆಯಲ್ಲಿಯೂ ಹೃದಯದ ಗುರುತು ಕಾಣುವುದು. ಚೀನೀ ಲಿಪಿಯ ಅನೇಕ ಅಕ್ಷರಗಳಲ್ಲಿ ಅರ್ಥವನ್ನು ಸೂಚಿಸುವ ಒಂದು ಭಾಗ, ಉಚ್ಚಾರಣೆಯನ್ನು ಸೂಚಿಸುವ ಒಂದು ಭಾಗ ಇರುವುವು. ಕ್ರಿ. ಶ. 100ರ ಸುಮಾರಿಗೆ ಶ್ಯೂ ಷನ್ ಎಂಬ ವಿದ್ವಾಂಸನು ಒಂಬತ್ತು ಸಾವಿರಕ್ಕೂ ಮೇಲ್ಪಟ್ಟ ಅಕ್ಷರಗಳನ್ನು ಇಂತಹ 540 ಮೂಲಾಂಗಗಳ ಅಡಿಯಲ್ಲಿ ವಿಂಗಡಿಸಿದನು. 1716ರಲ್ಲಿ ಮುಗಿದ ಖಾಂಗ್‌ಶೀ ನಿಘಂಟಿನಲ್ಲಿ ಅವು 214ಕ್ಕೆ ಇಳಿದುವು. ಅವುಗಳಲ್ಲಿ 61ನೆಯದೇ ಹೃದಯ. ಅದು ಅಕ್ಷರದ ಕೆಳಗೆ ಬಂದಾಗ ತನ್ನ ಪೂರ್ಣರೂಪದಲ್ಲಿರುವುದು; ಎಡಗಡೆ ಬಂದಾಗ ಒಂದು ಉದ್ದ ಗೆರೆ, ಅದರ ಇಕ್ಕೆಲಗಳಲ್ಲಿ ಎರಡು ಚುಕ್ಕೆಗಳಷ್ಟಾಗಿ ಕಿರಿದಾಗುವುದು. ಭಯ, ಕೋಪ, ಚಿಂತೆ ಈ ಅರ್ಥಗಳ ಅನೇಕ ಅಕ್ಷರಗಳಲ್ಲಿ ಈ ಗುರುತು ಇದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ‘ನೂ’, ಅಂದರೆ ಕೋಪ ಎಂಬ ಅಕ್ಷರದಲ್ಲಿ ಮೇಲೆ ‘ದಾಸ’ ಎಂಬ ಅರ್ಥದ ಭಾಗವೂ ಕೆಳಗೆ ಹೃದಯವೂ ಇವೆ. ಇದನ್ನು ಕಂಡು ‘ಕೋಪಿಷ್ಠನು ತನ್ನ ಹೃದಯಕ್ಕೆ ದಾಸನು’ ಎಂದು ಬೋಧಿಸುವವರುಂಟು. ಕೇಳಲು ಸೊಗಸಾದರೂ ಅದು ಸರಿಯಾದ ವಿವರಣೆಯಲ್ಲ. ದಾಸನೆಂಬುದಕ್ಕೂ ಚೀನೀ ಭಾಷೆಯಲ್ಲಿ ‘ನೂ’ ಎಂದೇ ಉಚ್ಚಾರ, ಸ್ವರ ಮಾತ್ರ ಬೇರೆ. ಉಚ್ಚಾರಣೆಯನ್ನು ಸೂಚಿಸಲೆಂದೇ ಆ ಭಾಗವನ್ನು ಅಲ್ಲಿ ಇಟ್ಟಿದೆ. ಪ್ರೀತಿ ಎಂಬ ಅಕ್ಷರದ ಕಥೆಯೂ ಕುತೂಹಲಕರವಾದುದು. ಅದರ ಹಳೆಯ ರೂಪದ ನಡುವೆ ಹೃದಯವಿತ್ತು. 1956ರ ಲಿಪಿಸರಳೀಕರಣದಲ್ಲಿ ಹೃದಯವು ಬಿಟ್ಟುಹೋಗಿ, ಕೆಳಭಾಗವು ‘ಸ್ನೇಹಿತ’ ಎಂಬ ಅಕ್ಷರದ ಆಕಾರವನ್ನು ತಳೆಯಿತು. ಹಳೆಯ ಲಿಪಿಯನ್ನು ಉಳಿಸಿಕೊಂಡ ತೈವಾನ್, ಹಾಂಗ್‌ಕಾಂಗ್‌ಗಳಲ್ಲಿ ಅದು ಇಂದಿಗೂ ಹೃದಯದೊಡನೆಯೇ ಇದೆ.

ಆಲೋಚನೆಗೂ ಹೃದಯವೇ ಸ್ಥಾನವೆಂದು ಈ ಲಿಪಿ ಹೇಳುವುದು. ‘ಶ್ಯಾಂಗ್’, ಅಂದರೆ ಯೋಚಿಸು ಎಂಬ ಅಕ್ಷರದ ಅಡಿಯಲ್ಲಿ ಹೃದಯವಿದೆ. ದೂರದಲ್ಲಿರುವ ತಾಯಿಗೆ ‘ವೊ ಶ್ಯಾಂಗ್ ನೀ’ ಎಂದರೆ ‘ನಿನ್ನನ್ನು ನೆನೆಯುತ್ತಿದ್ದೇನೆ, ನೀನಿಲ್ಲದೆ ಬೇಸರವಾಗಿದೆ’ ಎಂದರ್ಥ. ನಮ್ಮ ‘ಮನಸ್ಸು’ ಎಂಬ ಪದವೂ ಯೋಚನೆ ಭಾವನೆಗಳೆರಡನ್ನೂ ಹೀಗೆಯೇ ಒಳಗೊಂಡಿದೆ. ‘ನೀ’ ಎಂಬುದು ಎರಡು ಭಾಷೆಗಳಲ್ಲಿಯೂ ಒಂದೇ ಆಗಿರುವುದನ್ನು ಓದುಗರು ಗಮನಿಸಿರಬಹುದು. ಅದು ಕೇವಲ ಆಕಸ್ಮಿಕ. ಎರಡು ಭಾಷೆಗಳು ಬೇರೆ ಬೇರೆ ಕುಲಕ್ಕೆ ಸೇರಿದುವು.

ಹೃದಯವಲ್ಲದೆ ಬೇರೆ ಅಂಗಗಳೂ ಉಂಟು. ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ‘ಹ್ವಾಂಗ್‌ತೀ ನೇಯ್‌ಚಿಂಗ್’ ಎಂಬ ವೈದ್ಯಗ್ರಂಥವು ಸಂತೋಷವನ್ನು ಹೃದಯಕ್ಕೂ, ಕೋಪವನ್ನು ಯಕೃತ್ತಿಗೂ, ಚಿಂತನೆಯನ್ನು ಗುಲ್ಮಕ್ಕೂ, ಶೋಕವನ್ನು ಶ್ವಾಸಕೋಶಕ್ಕೂ, ಭಯವನ್ನು ಮೂತ್ರಪಿಂಡಕ್ಕೂ ಸೇರಿಸಿತು. ಇಂದಿನ ಶರೀರವಿಜ್ಞಾನವು ಇದನ್ನು ಒಪ್ಪದು. ಭಾವನೆಗಳು ಮೂಲತಃ ಮಿದುಳಿನ ವ್ಯಾಪಾರ. ನರಗಳ ಮೂಲಕವೂ ಗ್ರಂಥಿರಸಗಳ ಮೂಲಕವೂ ಅದು ಹೃದಯದ ಬಡಿತವನ್ನು ಹೆಚ್ಚಿಸುವುದರಿಂದ ನಮಗೆ ಎದೆಯಲ್ಲಿ ಏನೋ ಆದಂತೆ ತೋರುವುದು. ಆದರೆ ಶಾಸ್ತ್ರ ಬದಲಾದರೂ ನುಡಿ ಉಳಿಯುವುದು. ಕೋಪಿಷ್ಠನಿಗೆ ‘ಯಕೃತ್ತಿನ ಬೆಂಕಿ’ ಹೆಚ್ಚೆಂದೂ, ಧೈರ್ಯಶಾಲಿಯ ‘ಪಿತ್ತಕೋಶ ದೊಡ್ಡದು’ ಎಂದೂ ಚೀನೀಯರು ಈಗಲೂ ಹೇಳುವರು. ಗುಂಡಿಗೆ ಇದ್ದವನು ಎಂದು ನಾವು ಹೇಳುವುದಿಲ್ಲವೆ? ‘ಷಂಗ್‌ಛೀ’ ಎಂಬಲ್ಲಿಯ ‘ಛೀ’ಯೂ ದೇಹದಲ್ಲಿ ಸಂಚರಿಸುವುದೆಂದು ಪ್ರಾಚೀನರು ನಂಬಿದ ವಾಯುವೇ, ಆ ವಾಯು ಹುಟ್ಟಿದರೆ ಸಿಟ್ಟು. ಇನ್ನು ಪ್ರಣಯದಲ್ಲಿ ಅಸೂಯೆಪಟ್ಟವನು ‘ಛಿ ತ್ಸು’, ಅಂದರೆ ಹುಳಿಯಾದ ವಿನಿಗರ್ ಕುಡಿದವನು. ನಮ್ಮಲ್ಲಿ ಅಸೂಯೆಯು ಹೊಟ್ಟೆಯ ಕಿಚ್ಚು. ಅವರಲ್ಲಿ ಬಾಯಿಯ ಹುಳಿ.

ಪದಗಳು ಬೇರೆಯಾದರೆ ಭಾವಗಳೂ ಬೇರೆಯೆ? ಈ ಪ್ರಶ್ನೆಯನ್ನು ವಿಜ್ಞಾನಿಗಳು ಪರಿಶೀಲಿಸಿದ್ದಾರೆ. 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಸಂಶೋಧನೆಯು 2,474 ಭಾಷೆಗಳ ಪದಗಳನ್ನು ಹೋಲಿಸಿ ನೋಡಿತು. ಒಂದೇ ಪದವು ಯಾವ ಯಾವ ಭಾವಗಳನ್ನು ಒಟ್ಟಿಗೆ ಹೆಸರಿಸುವುದೆಂಬುದು ಅದರ ಅಳತೆಗೋಲು. ಕೆಲವು ಭಾಷಾಕುಲಗಳಲ್ಲಿ ಆಶ್ಚರ್ಯವು ಭಯಕ್ಕೆ ಹತ್ತಿರ, ಮತ್ತೆ ಕೆಲವುಗಳಲ್ಲಿ ಅದು ಆಶೆಗೆ ಹತ್ತಿರ ಎಂಬುದು ಕಂಡುಬಂದಿತು. ಆದರೆ ಹಿತವಾದ ಭಾವ ಯಾವುದು, ಅಹಿತವಾದುದು ಯಾವುದು, ದೇಹವನ್ನು ಕೆರಳಿಸುವುದು ಯಾವುದು, ಶಾಂತವಾದುದು ಯಾವುದು ಎಂಬ ವಿಂಗಡಣೆ ಎಲ್ಲ ಕುಲಗಳಲ್ಲಿಯೂ ತೋರಿತು. ಎಂದರೆ ನೆಲ ಒಂದೇ, ಬೇಲಿಗಳು ಬೇರೆ. ಹೃದಯ ತೆರೆಯಿತೆನ್ನುವವನಿಗೆ ನಮಗಿಂತ ಬೇರೆಯ ಸಂತೋಷವುಂಟೆಂದು ವ್ಯಾಕರಣವನ್ನು ಮಾತ್ರ ನೋಡಿ ತೀರ್ಮಾನಿಸಲಾಗದು.

ಕೊನೆಯದಾಗಿ ಸಂದರ್ಭ. ‘ಕಾವ್‌ಶಿಂಗ್’, ‘ಖಾಯ್‌ಶಿನ್’, ‘ಖ್ವಾಯ್‌ಲ’ ಮೂರೂ ಸಂತೋಷವೇ. ಆದರೆ ಹುಟ್ಟುಹಬ್ಬದ ಹಾರೈಕೆಗೆ ಮೂರನೆಯದು, ಹೊಸಬರನ್ನು ಕಂಡು ಸಂತೋಷವಾಯಿತೆನ್ನಲು ಮೊದಲನೆಯದು. ಪ್ರೀತಿಯನ್ನು ‘ಪ್ರೀತಿ’ ಎಂಬ ಪದದಿಂದಲೇ ಹೇಳಬೇಕೆಂಬ ನಿಯಮವೂ ಇಲ್ಲ. ‘ಛಿ ಫ಼ಾನ್ ಲ ಮಾ?’, ಅಂದರೆ ಊಟವಾಯಿತೆ ಎಂದು ಕೇಳುವುದೇ ಅನೇಕ ಚೀನೀ ಮನೆಗಳಲ್ಲಿ ಅಕ್ಕರೆಯ ಮಾತು. ಊರಿನಿಂದ ದೂರವಿರುವ ಮಗನಿಗೆ ನಮ್ಮ ತಾಯಂದಿರು ಕೇಳುವ ಮೊದಲ ಪ್ರಶ್ನೆಯೂ ಇದೇ ಅಲ್ಲವೆ?

ಹಾಗಾದರೆ ಅಜ್ಜಿಯನ್ನು ಕಳೆದುಕೊಂಡ ಆ ಜೊತೆಗಾರನಿಗೆ ಏನು ಹೇಳಬೇಕು? ಔಪಚಾರಿಕವಾಗಿ ‘ಚ್ಯೇಆಯ್’ ಎನ್ನುವರು, ಶೋಕವನ್ನು ತಡೆದುಕೊಳ್ಳಿ ಎಂದರ್ಥ. ಎತ್ತರದ ಸ್ವರದ ಆ ‘ಆಯ್’ ಇಲ್ಲಿ ಮತ್ತೆ ಬಂದಿದೆ. ‘ಪ್ಯೇ ನಾನ್‌ಕ್ವೊ’ ಎಂದರೆ ದುಃಖಿಸಬೇಡ ಎಂದು. ‘ನಾನ್‌ಕ್ವೊ’ ಪದದ ಒಳಗಿನ ಚಿತ್ರವೆಂದರೆ ‘ದಾಟಲು ಕಷ್ಟ’. ದುಃಖವೆಂಬುದು ದಾಟಲಾರದ ಹೊಳೆಯಾದರೆ, ದಡದಲ್ಲಿ ನಿಂತು ಬೇಡವೆನ್ನುವುದಕ್ಕಿಂತ ಕೈಹಿಡಿದು ಇಳಿಯುವುದು ಮೇಲು. ಅದಕ್ಕೂ ಮೂರೇ ಪದಗಳು ಸಾಕು: ‘ವೊ ಫೇಯ್ ನೀ’. ನಾನು ನಿನ್ನ ಜೊತೆಗಿರುತ್ತೇನೆ ಎಂದು ಅದರ ಅರ್ಥ. ಇಷ್ಟನ್ನು ಹೇಳಿ ಬಳಿಯಲ್ಲಿ ಕುಳಿತುಕೊಂಡರೆ, ಸ್ವರದಲ್ಲಿ ಸ್ವಲ್ಪ ಹೆಚ್ಚುಕಡಮೆಯಾದರೂ ಆ ಗೆಳೆಯನು ಅರ್ಥಮಾಡಿಕೊಳ್ಳದೆ ಇರಲಾರನು.