ಕೋಡಿಯ ಅಗಲ ಎಷ್ಟಿರಬೇಕು?

ಜಂಗಮಕೋಟೆಯ ಸೀಮೆಯಲ್ಲಿ ವರ್ಷವೊಂದಕ್ಕೆ ಬೀಳುವ ಮಳೆ ಸುಮಾರು ೭೦ ಸೆಂಟಿಮೀಟರುಗಳಷ್ಟೆ. ಬರಕ್ಕೆ ಹೆಸರಾದ ಇಂತಹ ನಾಡಿಗೆ ಪ್ರವಾಹದ ಲೆಕ್ಕವೇಕೆಂದು ವಾಚಕರು ಕೇಳಬಹುದು. ಆದರೆ ಕೆರೆಯ ಏರಿಯನ್ನು ಒಡೆಯಲು ಒಂದು ರಾತ್ರಿಯ ಮಳೆ ಸಾಕು. ೨೦೨೧ರ ನವೆಂಬರಿನಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳು ತುಂಬಿ ಕೋಡಿ ಹರಿದುದನ್ನು ನಾವೆಲ್ಲರೂ ಬಲ್ಲೆವು.

ಮಣ್ಣಿನ ಏರಿಯ ಮೇಲೆ ನೀರು ಹರಿಯತೊಡಗಿದರೆ ಏರಿ ಉಳಿಯದು. ಆದುದರಿಂದ ಹೆಚ್ಚಿನ ನೀರೆಲ್ಲವೂ ಕೋಡಿಯಿಂದಲೇ ಹೊರಬೀಳಬೇಕು. ಒಂದು ಕೆರೆಗೆ ೪ ಚದರ ಕಿಲೋಮೀಟರ್ ನೆಲದ ನೀರು ಹರಿದುಬರುವುದೆಂದೂ, ಗಂಟೆಗೆ ೬೦ ಮಿಲಿಮೀಟರ್ ಮಳೆ ಬೀಳುವುದೆಂದೂ, ಅದರಲ್ಲಿ ನೂರಕ್ಕೆ ೪೦ ಪಾಲು ಇಂಗದೆ ಹರಿಯುವುದೆಂದೂ ಭಾವಿಸೋಣ. ಆಗ ಸೆಕೆಂಡಿಗೆ ಸುಮಾರು ೨೭ ಘನಮೀಟರ್ ನೀರು ಕೆರೆಯನ್ನು ಸೇರುವುದು. ಮಳೆ ೯೦ ಮಿಲಿಮೀಟರ್ ಆದರೆ ಅದು ೪೦ ಘನಮೀಟರ್ ಆಗುವುದು. ಇವೆರಡರಲ್ಲಿ ಯಾವುದಕ್ಕೆ ಕೋಡಿಯನ್ನು ಕಟ್ಟಬೇಕು? ಕಷ್ಟವಿರುವುದು ಇಲ್ಲಿಯೇ.

ಹಳೆಯ ಮಳೆಯ ದಾಖಲೆಗಳೇ ನಮಗೆ ಆಧಾರ. ಪ್ರತಿ ವರ್ಷದ ಅತಿ ದೊಡ್ಡ ಮಳೆಯನ್ನು ಆರಿಸಿ, ಇಳಿಯುವ ಕ್ರಮದಲ್ಲಿ ಬರೆಯುತ್ತೇವೆ. ೪೯ ವರ್ಷಗಳ ದಾಖಲೆಯಿದ್ದರೆ ಮೊದಲನೆಯದನ್ನು ೫೦ ವರ್ಷಗಳ ಮಳೆಯೆಂದು ಕರೆಯುವುದು ವಾಡಿಕೆ. ನೂರು ವರ್ಷಗಳ ಮಳೆ ಬೇಕಾದರೆ ದಾಖಲೆಯ ಆಚೆಗೆ ಹೋಗಬೇಕು. ಅತ್ಯಧಿಕ ಬೆಲೆಗಳು ತಮ್ಮದೇ ಆದ ನಿಯಮವನ್ನು ಅನುಸರಿಸುವುವೆಂಬುದನ್ನು ಗುಂಬೆಲ್ ಎಂಬ ಗಣಿತಜ್ಞರು ೧೯೫೮ರ ತಮ್ಮ ಗ್ರಂಥದಲ್ಲಿ ವಿಸ್ತರಿಸಿದರು. ಅವರ ಹೆಸರಿನ ವಿಶೇಷ ನಕ್ಷೆಹಾಳೆಯ ಮೇಲೆ ಗುರುತಿಸಿದ ಬಿಂದುಗಳು ಹೆಚ್ಚುಕಡಿಮೆ ಸರಳರೇಖೆಯಾಗಿ ನಿಲ್ಲುತ್ತವೆ. ಆ ರೇಖೆಯನ್ನು ಮುಂದಕ್ಕೆ ಎಳೆಯುತ್ತೇವೆ. ಎಳೆದಷ್ಟೂ ಸಂದೇಹ ಹೆಚ್ಚು.

ದಾಖಲೆಯಲ್ಲಿಯೂ ಒಂದು ತೊಡಕುಂಟು. ನಮ್ಮ ದೇಶದಲ್ಲಿ ದಿನದ ಮಳೆಯನ್ನು ಬೆಳಿಗ್ಗೆ ಎಂಟೂವರೆಗೆ ಅಳೆಯುತ್ತಾರೆ. ಆ ಹೊತ್ತಿನ ಹಿಂದುಮುಂದೆ ಸುರಿದ ಒಂದೇ ಮಳೆ ಎರಡು ದಿನಗಳ ಲೆಕ್ಕದಲ್ಲಿ ಹಂಚಿಹೋಗುವುದು! ಇದನ್ನು ಸರಿಪಡಿಸಲು ದಿನದ ಗರಿಷ್ಠ ಅಳತೆಯನ್ನು ಸುಮಾರು ೧.೧೩ರಿಂದ ಗುಣಿಸುವುದುಂಟು.

ನೂರು ವರ್ಷಗಳ ಮಳೆಯೆಂದರೆ ಶತಮಾನಕ್ಕೊಮ್ಮೆ ತಪ್ಪದೆ ಬರುವ ಮಳೆಯೆಂದು ಹಲವರು ತಿಳಿಯುತ್ತಾರೆ. ಹೆಸರೇ ದಾರಿ ತಪ್ಪಿಸುವಂತಿದೆ. ಯಾವುದೇ ವರ್ಷದಲ್ಲಿ ಅದು ಬರುವ ಸಂಭವ ನೂರಕ್ಕೆ ಒಂದು. ಬಾರದಿರುವ ಸಂಭವ ೦.೯೯. ಮೂವತ್ತು ವರ್ಷ ಸತತವಾಗಿ ಬಾರದಿರಬೇಕಾದರೆ ೦.೯೯ನ್ನು ಮೂವತ್ತು ಸಲ ಗುಣಿಸಬೇಕು. ಉತ್ತರ ೦.೭೪. ಎಂದರೆ ಮೂವತ್ತು ವರ್ಷಗಳೊಳಗೆ ಅದು ಒಮ್ಮೆಯಾದರೂ ಬರುವ ಸಂಭವ ನೂರಕ್ಕೆ ಇಪ್ಪತ್ತಾರು.

ಕೆರೆಗಳ ನಾಡಿನಲ್ಲಿ ಈ ಅಂಕಿ ಇನ್ನೂ ತೂಕದ್ದು. ೧೯೦೮ರ ಸೆಪ್ಟೆಂಬರಿನಲ್ಲಿ ಮೂಸಿ ನದಿಯ ಪ್ರವಾಹ ಹೈದರಾಬಾದನ್ನು ಹಾಳುಮಾಡಿತು. ಮರುವರ್ಷ ಪರಿಶೀಲನೆಗಾಗಿ ಹೋದವರು ನಮ್ಮ ಜಿಲ್ಲೆಯ ಮುದ್ದೇನಹಳ್ಳಿಯವರೇ ಆದ ವಿಶ್ವೇಶ್ವರಯ್ಯನವರು. ನಗರದ ಮೇಲಣ ಪ್ರದೇಶದಲ್ಲಿ ಇನ್ನೂರಕ್ಕೂ ಹೆಚ್ಚು ಸಣ್ಣ ಕೆರೆಗಳು ಒಡೆದಿದ್ದುವು. ಆ ನೀರೆಲ್ಲವೂ ಮಳೆಯ ನೀರಿನೊಡನೆ ಸೇರಿಕೊಂಡಿತ್ತು. ನಮ್ಮ ಸೀಮೆಯ ಕೆರೆಗಳೂ ಸರಪಣಿಯಂತೆ ಒಂದರ ಕೆಳಗೊಂದು ಇವೆ. ಆದುದರಿಂದ ಕೆಳಗಿನ ಕೆರೆಯ ಕೋಡಿಯನ್ನು ಅಳೆಯುವ ಎಂಜಿನಿಯರು ಮೊದಲು ಮೇಲಿನ ಕೆರೆಯ ಏರಿಯನ್ನು ನೋಡಿಬರಬೇಕಾಗುತ್ತದೆ.