ತಟ್ಟು ಕುದುರೆಯ ಹೆಸರಿನ ಮೋಟಾರು

ಗಿಂಡಿಯಲ್ಲಿ ವಾಸವಾಗಿರುವವರಿಗೆ ಕುದುರೆಯ ಮಾತು ಹೊಸದಲ್ಲ. 2024ರಲ್ಲಿ ಸರ್ಕಾರವು ರೇಸ್ ಕೋರ್ಸಿನ ಜಮೀನನ್ನು ತನ್ನ ವಶಕ್ಕೆ ತೆಗೆದುಕೊಳ್ಳುವ ತನಕ ತಲೆಮಾರುಗಳ ಕಾಲ ಇಲ್ಲಿ ಕುದುರೆಗಳು ಓಡಿದುವು. ನಾವು ಇಲ್ಲಿ ಹೇಳಹೊರಟಿರುವುದು ಹುಲ್ಲು ತಿನ್ನದ ಇನ್ನೊಂದು ಕುದುರೆಯ ವಿಷಯ. ಅಮೆರಿಕದ ಫೋರ್ಡ್ ಕಂಪೆನಿಯವರ ‘ಮಸ್ಟ್ಯಾಂಗ್’ ಎಂಬ ಮೋಟಾರು ಕಾರಿನ ಚಿತ್ರವನ್ನು ನಮ್ಮ ವಾಚಕರಲ್ಲಿ ಅನೇಕರು ಸಿನಿಮಾಗಳಲ್ಲಿಯೂ ಪತ್ರಿಕೆಗಳಲ್ಲಿಯೂ ನೋಡಿಯೇ ಇರುವರು. ಉದ್ದನೆಯ ಮೂತಿ, ಮೊಟಕು ಹಿಂಭಾಗ, ಮುಂದಿನ ಜಾಲರಿಯ ಮೇಲೆ ಎಡಕ್ಕೆ ಓಡುತ್ತಿರುವ ಕುದುರೆ. ಇದು ಸಿರಿವಂತರ ಬಂಡಿ, ನಮಗೇಕೆ ಇದರ ಉಸಾಬರಿ ಎಂದು ಕೇಳಬಹುದು. ಸೋಜಿಗವೆಂದರೆ, ಅದನ್ನು ಮಾಡಿದ್ದು ಸಿರಿವಂತರಿಗಾಗಿ ಅಲ್ಲ, ಸಂಬಳಗಾರರಿಗಾಗಿ.

ಮೊದಲು ಹೆಸರಿನ ಮಾತು. ಮಸ್ಟ್ಯಾಂಗ್ ಎಂದರೆ ಅಮೆರಿಕದ ಪಶ್ಚಿಮದ ಬಯಲುಗಳಲ್ಲಿ ಮೇಯುವ ಕಾಡುಕುದುರೆ. ಸ್ಪೇನಿನವರು ಹಡಗಿನಲ್ಲಿ ತಂದ ಕುದುರೆಗಳಲ್ಲಿ ತಪ್ಪಿಸಿಕೊಂಡವುಗಳ ಸಂತತಿ ಅದು. ಮೂಲದ ಸ್ಪ್ಯಾನಿಷ್ ಮಾತಿಗೆ ‘ಬೀಡಾಡಿ’ ಎಂದೇ ಅರ್ಥ. ಊರು ಬಿಟ್ಟು ಬಂದು ಇಲ್ಲಿ ಮೇವು ಹುಡುಕಿಕೊಂಡ ನಮ್ಮಂಥವರಿಗೆ ಈ ಹೆಸರು ಹಿಡಿಸಿದರೆ ತಪ್ಪೇನಿಲ್ಲ. ಎರಡನೆಯ ಮಹಾಯುದ್ಧದ ಒಂದು ಯುದ್ಧವಿಮಾನಕ್ಕೂ ಇದೇ ಹೆಸರಿತ್ತು. ಈ ಕಾರು ಹೆಸರಾದ ಮೇಲೆ ಅದರ ಜಾತಿಯ ಬಂಡಿಗಳಿಗೆಲ್ಲ ಅಲ್ಲಿಯ ಪತ್ರಿಕೆಗಳು ‘ಪೋನಿ ಕಾರು’, ಎಂದರೆ ತಟ್ಟು ಕುದುರೆಯ ಕಾರು, ಎಂದು ಹೆಸರಿಟ್ಟವು.

ಅದು ಹುಟ್ಟಿದ ಕಾಲವನ್ನು ನೋಡೋಣ. 1945ರಲ್ಲಿ ಯುದ್ಧ ಮುಗಿದು ಸಿಪಾಯಿಗಳು ಮನೆಗೆ ಮರಳಿದ ಮೇಲೆ ಅಮೆರಿಕದಲ್ಲಿ ಮಕ್ಕಳ ಸಂಖ್ಯೆ ವಿಪರೀತವಾಗಿ ಏರಿತು. ಆ ಮಕ್ಕಳು 1960ರ ದಶಕದ ಆದಿಯಲ್ಲಿ ಡ್ರೈವಿಂಗ್ ಲೈಸೆನ್ಸ್ ಪಡೆಯುವ ವಯಸ್ಸಿಗೆ ಬಂದರು. ಅಪ್ಪನ ದೊಡ್ಡ ಕಾರು ಅವರಿಗೆ ಬೇಡ. ವಿಲಾಯಿತಿಯ ಸಣ್ಣ ಸ್ಪೋರ್ಟ್ಸ್ ಕಾರು ಆಸೆ ಹುಟ್ಟಿಸುತ್ತದೆ, ಕೈಗೆ ಎಟುಕುವುದಿಲ್ಲ. ಇದನ್ನು ಗಮನಿಸಿದವನು ಲೀ ಐಯಕೋಕ. ಇಟಲಿಯಿಂದ ವಲಸೆ ಬಂದ ದಂಪತಿಗಳ ಮಗ. 1960ರಲ್ಲಿ, 36ನೆಯ ವಯಸ್ಸಿಗೆ, ಫೋರ್ಡ್ ವಿಭಾಗದ ಮುಖ್ಯಸ್ಥನಾದ. ಆದರೆ ಕಂಪೆನಿಯ ಯಜಮಾನ ಎರಡನೆಯ ಹೆನ್ರಿ ಫೋರ್ಡ್ ಹೊಸ ಸಾಹಸವೆಂದರೆ ಹಿಂಜರಿಯುತ್ತಿದ್ದ. 1957ರಲ್ಲಿ ‘ಎಡ್ಸೆಲ್’ ಎಂಬ ಕಾರನ್ನು ಬಹಳ ಡಂಗುರ ಸಾರಿ ಹೊರತಂದು, ಕೊಳ್ಳುವವರಿಲ್ಲದೆ 1959ರಲ್ಲಿ ನಿಲ್ಲಿಸಿದ ಪೆಟ್ಟು ಇನ್ನೂ ಆರಿರಲಿಲ್ಲ. ಆದುದರಿಂದ ಹೊಸ ಕಾರೂ ಬೇಕು, ಕೈಯಿಂದ ಹೆಚ್ಚು ಹಣವೂ ಹೋಗಬಾರದು.

ಇಲ್ಲಿಯೇ ಅವನ ಯುಕ್ತಿ. ಕಾರೊಂದನ್ನು ಬುಡದಿಂದ ಹೊಸದಾಗಿ ಮಾಡುವುದೆಂದರೆ ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್, ಸ್ಟೀರಿಂಗ್ ಎಲ್ಲಕ್ಕೂ ಹೊಸ ನಕ್ಷೆ, ಹೊಸ ಡೈ, ಹೊಸ ಜಿಗ್, ಹೊಸ ಪರೀಕ್ಷೆ. 1958ರಿಂದ ಇಲ್ಲಿರುವ ಗಿಂಡಿ ಕೈಗಾರಿಕಾ ವಸಾಹತಿನ ಟೂಲ್ ರೂಮುಗಳಲ್ಲಿ ದುಡಿದವರಿಗೆ ಒಂದೊಂದು ಡೈಗೂ ತಗಲುವ ಶ್ರಮವೆಷ್ಟೆಂದು ನಾವು ಹೇಳಬೇಕಾಗಿಲ್ಲ. ಫೋರ್ಡಿನವರ ಬಳಿ ಆಗಲೇ ‘ಫಾಲ್ಕನ್’ ಎಂಬ ಸಾದಾ ಕಾರಿತ್ತು. ಮುಂದೆ ವಿಶ್ವಬ್ಯಾಂಕಿನ ಅಧ್ಯಕ್ಷನಾದ ರಾಬರ್ಟ್ ಮೆಕ್‌ನಮಾರ ಫೋರ್ಡಿನಲ್ಲಿದ್ದಾಗ ಒತ್ತಾಸೆಯಾಗಿ ನಿಂತು ಮಾಡಿಸಿದ ಬಂಡಿ ಅದು. ಲೆಕ್ಕಕ್ಕೆ ಸರಿ, ಖರ್ಚಿಗೆ ಮಿತ, ನೋಟಕ್ಕೆ ಸಪ್ಪೆ. ಐಯಕೋಕನ ತಂಡವು ಈ ಫಾಲ್ಕನ್ನಿನ ಎಲುಬು ನರಗಳನ್ನು ಬಹುಪಾಲು ಹಾಗೆಯೇ ಇಟ್ಟುಕೊಂಡು ಮೇಲಿನ ಮೈಯನ್ನು ಮಾತ್ರ ಬೇರೆ ಮಾಡಿತು. ಚಾಲಕನ ಆಸನವನ್ನು ಹಿಂದಕ್ಕೆ ಸರಿಸಿ, ಮೂತಿಯನ್ನು ನೀಳವಾಗಿ ಎಳೆದರು. ಉದ್ದನೆಯ ಮೂತಿಯನ್ನು ಕಂಡೊಡನೆ ಒಳಗೆ ಭಾರಿ ಎಂಜಿನ್ ಇರಬೇಕೆಂದು ಕಣ್ಣು ತಾನಾಗಿಯೇ ನಂಬುತ್ತದೆ. ನಿಜಕ್ಕೆ ಅಗ್ಗದ ಮಾದರಿಯಲ್ಲಿದ್ದುದು ಫಾಲ್ಕನ್ನಿಗೂ ಹಾಕುತ್ತಿದ್ದ ಆರು ಸಿಲಿಂಡರಿನ, 101 ಅಶ್ವಶಕ್ತಿಯ ಎಂಜಿನ್.

1964ರ ಏಪ್ರಿಲ್ 17ರಂದು ನ್ಯೂಯಾರ್ಕಿನ ವಿಶ್ವಮೇಳದಲ್ಲಿ ಕಾರು ಹೊರಬಂದಿತು. ಬೆಲೆ 2,368 ಡಾಲರ್. ಆಗಿನ ವಿನಿಮಯದಲ್ಲಿ ಸುಮಾರು 11,300 ರೂಪಾಯಿ. ಅಲ್ಲಿಯ ಮಧ್ಯಮ ಕುಟುಂಬವೊಂದರ ವರ್ಷದ ವರಮಾನ ಆಗ ಸುಮಾರು 6,600 ಡಾಲರ್ ಇದ್ದುದರಿಂದ, ಕಾರಿನ ಬೆಲೆ ನಾಲ್ಕೂವರೆ ತಿಂಗಳ ವರಮಾನವನ್ನೂ ಮುಟ್ಟಲಿಲ್ಲ. ಮೊದಲ ದಿನವೇ 22,000 ಬೇಡಿಕೆಗಳು ಬಂದುವು. ಹನ್ನೆರಡು ತಿಂಗಳಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಕಾರುಗಳು ಮಾರಾಟವಾದುವು. 1966ರ ಮಾರ್ಚಿಯಲ್ಲಿ ಹತ್ತು ಲಕ್ಷದ ಬಂಡಿ ಕಾರ್ಖಾನೆಯಿಂದ ಹೊರಬಿತ್ತು. ಮೇಳಕ್ಕೆ ಎರಡು ದಿನ ಮೊದಲೇ ಶಿಕಾಗೋದಲ್ಲಿ ಶಾಲೆಯ ಉಪಾಧ್ಯಾಯಿನಿಯೊಬ್ಬಳು ತಂದೆತಾಯಿಯರಿಂದ ಸಾಲ ಪಡೆದು ಒಂದನ್ನು ಕೊಂಡು ಮನೆಗೆ ಓಡಿಸಿಕೊಂಡು ಹೋದಳು. ಅದೇ ಕಾಲದಲ್ಲಿ ನಮ್ಮಲ್ಲಿ ಹಣವಿದ್ದವರೂ ಕಾರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಿದ್ದರೆಂಬುದನ್ನು ಹಿರಿಯ ವಾಚಕರು ಬಲ್ಲರು.

ಜನ ಮರುಳಾದುದು ಏತಕ್ಕೆ? ಚೆಲುವು ಒಂದು ಕಾರಣ, ಬೆಲೆ ಇನ್ನೊಂದು. ಆದರೆ ನಮಗೆ ತೋರುವ ಮಟ್ಟಿಗೆ ಮುಖ್ಯವಾದುದು ಬೇರೆ. ಅಗ್ಗದ ಕಾರು ಕೊಳ್ಳುವವನು ಅಗ್ಗದವನೆಂದು ಕಾಣುವ ಅವಮಾನವನ್ನು ಅದು ತಪ್ಪಿಸಿತು. ಬೇರೆ ಕಾರುಗಳಲ್ಲಿ ಹೆಚ್ಚು ಹಣ ಕೇಳುವ ಬಿಡಿ ಆಸನಗಳೂ ನೆಲದ ಮೇಲಿನ ಗೇರ್ ಕೋಲೂ ಇದರಲ್ಲಿ ಕಡಿಮೆ ಬೆಲೆಯ ಮಾದರಿಗೇ ಬರುತ್ತಿದ್ದುವು. ಟೈಪಿಸ್ಟಳ ಕಾರೂ ಅಂಗಡಿ ಯಜಮಾನನ ಕಾರೂ ರಸ್ತೆಯಲ್ಲಿ ನಿಂತರೆ ಒಂದೇ. ದೊಡ್ಡ ಎಂಜಿನ್, ರೇಡಿಯೋ, ಹವಾನಿಯಂತ್ರಣ ಬೇಕೆಂದವರು ಉದ್ದನೆಯ ಪಟ್ಟಿಯಿಂದ ಆರಿಸಿ ಹೆಚ್ಚು ತೆರಬಹುದಿತ್ತು. ಕಂಪೆನಿಯ ಲಾಭವೂ ಬಹಳ ಮಟ್ಟಿಗೆ ಆ ಪಟ್ಟಿಯಲ್ಲಿಯೇ ಅಡಗಿತ್ತೆನ್ನಿ! ಕುಂದುಗಳೂ ಇದ್ದುವು. ಹಿಂದಿನ ಆಸನ ಇಕ್ಕಟ್ಟು. ಮೊದಮೊದಲಿನವಕ್ಕೆ ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕೇ. ಸಾದಾ ಮಾದರಿ ನೋಟದಷ್ಟು ವೇಗಿಯೂ ಅಲ್ಲ. ಪ್ಲಿಮತ್ ಕಂಪೆನಿಯ ಬ್ಯಾರಕೂಡ ಎರಡು ವಾರ ಮೊದಲೇ ಬಂದಿದ್ದರೂ ಹೆಸರು ಗೆದ್ದದ್ದು ಕುದುರೆ. ಕಮಾರೋ, ಫೈರ್‌ಬರ್ಡ್, ಜಾವೆಲಿನ್ ಹಿಂದೆಯೇ ಬಂದುವು.

ಇನ್ನು ನಮ್ಮ ರಸ್ತೆಯ ಮಾತು. ಕತ್ತಿಪಾರದಿಂದ ದಕ್ಷಿಣಕ್ಕೆ ಹೋಗುವ ಗ್ರ್ಯಾಂಡ್ ಸದರ್ನ್ ಟ್ರಂಕ್ ರಸ್ತೆಯಲ್ಲಿ ತಾಂಬರಂ ದಾಟಿದರೆ ಪೆರುಂಗಳತ್ತೂರು, ವಂಡಲೂರು. ಅಲ್ಲಿ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಕಂಪೆನಿಯ ಕಾರ್ಖಾನೆಯಿತ್ತು. 1961ರಿಂದ ಅಲ್ಲಿ ‘ಸ್ಟ್ಯಾಂಡರ್ಡ್ ಹೆರಾಲ್ಡ್’ ತಯಾರಾಯಿತು. ಇಟಲಿಯ ಮಿಕೆಲೊಟ್ಟಿ ರೂಪಿಸಿದ ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್ ಇದರ ಮೂಲ. ಎಂಜಿನ್ 948 ಸಿ.ಸಿ. ಮಾತ್ರ, ಆದರೂ ಅಂಬಾಸಿಡರುಗಳ ನಡುವೆ ಅದು ಹೋಗುತ್ತಿದ್ದರೆ ಹುಡುಗರು ತಿರುಗಿ ನೋಡುತ್ತಿದ್ದರು. ನಮ್ಮ ಕಡೆಯ ಸಂಬಳಗಾರನ ಚೆಲುವಿನ ಕಾರು ಎಂದರೆ ಅದೇ. ಆದರೆ ಅಮೆರಿಕದ ಒಂಟಿ ಯುವಕನಿಗೆ ಎರಡು ಬಾಗಿಲು ಸಾಕು. ನಮ್ಮಲ್ಲಿ ಕಾರು ಕೊಂಡರೆ ಅಜ್ಜಿಯೂ ಹತ್ತಬೇಕು, ಮದುವೆಗೆ ಹೊರಟ ಸೋದರತ್ತೆಯೂ ಹತ್ತಬೇಕು. ಆದುದರಿಂದ 1960ರ ದಶಕದ ಕೊನೆಗೆ ಅದಕ್ಕೆ ನಾಲ್ಕು ಬಾಗಿಲು ಇಡಬೇಕಾಯಿತು. ಪ್ರತ್ಯೇಕ ಚಾಸಿಯ ಮೇಲೆ ಮೈ ಕೂರಿಸಿದ ಕಾರಾದುದರಿಂದ ಅದು ಸುಲಭವಾಯಿತು. 1970ರ ದಶಕದಲ್ಲಿ ಅದೇ ಎಲುಬಿನ ಮೇಲೆ ‘ಗೆಜೆಲ್’ ಎಂಬ ಕಾರೂ ಬಂದಿತು.

ಅದೇ ಕಾರ್ಖಾನೆ 1985ರಲ್ಲಿ ‘ಸ್ಟ್ಯಾಂಡರ್ಡ್ 2000’ ಎಂಬುದನ್ನು ಹೊರತಂದಿತು. ಹೊರಮೈ ಇಂಗ್ಲೆಂಡಿನ ರೋವರ್ ಕಾರಿನದು, ಬಹಳ ಸೊಗಸು. ಒಳಗೆ ಕೂರಿಸಿದ್ದು ಯುದ್ಧಾನಂತರದ ವ್ಯಾನ್‌ಗಾರ್ಡ್ ಕಾರಿನ ವಂಶದ, ಎರಡು ಲೀಟರಿನ ಹಳೆಯ ಎಂಜಿನ್. ಹಳೆಯ ಎಲುಬಿಗೆ ಹೊಸ ಮೈ ತೊಡಿಸುವ ಯುಕ್ತಿ ಇಲ್ಲಿಯೂ ಉಂಟು. ಆದರೆ ಮಸ್ಟ್ಯಾಂಗಿನವರು ಫಾಲ್ಕನ್ನಿನ ಎಲುಬಿಗೆ ಫಾಲ್ಕನ್ನಿಗೆ ಹತ್ತಿರದ ಬೆಲೆಯನ್ನೇ ಕೇಳಿದರು. ಇಲ್ಲಿ ಮುದಿ ಎಂಜಿನ್ನಿಗೆ ಶ್ರೀಮಂತರ ಬೆಲೆ ಕೇಳಲಾಯಿತು. ಶ್ರೀಮಂತರಿಗೆ ಎಂಜಿನ್ ಹಿಡಿಸಲಿಲ್ಲ, ಮಿಕ್ಕವರಿಗೆ ಬೆಲೆ ಹಿಡಿಸಲಿಲ್ಲ. 1988ರಲ್ಲಿ ತಯಾರಿಕೆ ನಿಂತುಹೋಯಿತು. ಚೆಲುವಿನ ಲೆಕ್ಕ ತಪ್ಪಿದರೆ ಕೆಲಸ ಹೋಗುವುದು ನಕ್ಷೆ ಬರೆದವನದು ಮಾತ್ರವಲ್ಲ, ಬೋಲ್ಟ್ ಬಿಗಿದವನದೂ ಹೌದು.

ಇದೇ ರಸ್ತೆಯಲ್ಲಿ ಇನ್ನೂ ಮುಂದಕ್ಕೆ, ಮರೈಮಲೈ ನಗರದಲ್ಲಿ, ಸ್ವತಃ ಫೋರ್ಡಿನವರೇ ಕಾರ್ಖಾನೆ ಕಟ್ಟಿದರು. 1999ರಲ್ಲಿ ಅಲ್ಲಿಂದ ಬಂದ ‘ಐಕಾನ್’ ಕಾರೂ ಫಿಯೆಸ್ಟಾ ಎಂಬ ಸಣ್ಣ ಕಾರಿನ ಎಲುಬಿಗೆ ಡಿಕ್ಕಿಯಿಟ್ಟು ಹೊಸ ಮೈ ತೊಡಿಸಿದ್ದೇ. ಅದು ಚೆನ್ನಾಗಿಯೇ ನಡೆಯಿತು. 2022ರಲ್ಲಿ ಅಲ್ಲಿ ಕಾರು ತಯಾರಿಕೆ ನಿಂತಿತು. ಕುದುರೆಯ ಗುರುತಿನ ಕಾರನ್ನು ಮಾತ್ರ ಅಲ್ಲಿ ಒಂದು ದಿನವೂ ತಯಾರಿಸಲಿಲ್ಲ. ಅದು ಭಾರತಕ್ಕೆ ಬಂದದ್ದು 2016ರಲ್ಲಿ, ಅಮೆರಿಕದಿಂದ ಹಡಗಿನ ಮೇಲೆ, ದೊಡ್ಡ ಎಂಜಿನ್ನಿನ ಮಾದರಿಯಾಗಿ, ಆಮದು ಸುಂಕವನ್ನೂ ಹೊತ್ತುಕೊಂಡು. ಬೆಲೆ 65 ಲಕ್ಷ ರೂಪಾಯಿ. ತಿಂಗಳಿಗೆ 40,000 ರೂಪಾಯಿ ಸಂಬಳದ ಗುಮಾಸ್ತರೊಬ್ಬರು ಊಟ, ಬಾಡಿಗೆ, ಊರಿಗೆ ಕಳುಹಿಸುವ ಹಣ ಯಾವುದೂ ಇಲ್ಲದೆ ಪೂರ್ತಿ ಸಂಬಳ ಕೂಡಿಟ್ಟರೆ, ಅದಕ್ಕೆ 13 ವರ್ಷ 6 ತಿಂಗಳಿಗೂ ಮೇಲೆ ಬೇಕಾಗುತ್ತಿತ್ತು.