ಮಹಿಳೆಯರ ಸ್ಕೂಬಾ ಡೈವಿಂಗ್ ಉಡುಪು

ಸ್ಕೂಬಾ ಡೈವಿಂಗ್ ಎಂಬುದು ಉಸಿರಾಟದ ಸಾಧನವನ್ನು ಬೆನ್ನಿಗೆ ಹೊತ್ತು ನೀರಿನಡಿ ಈಜುವ ಕ್ರೀಡೆ. ಇದಕ್ಕೆ ಬೇಕಾದ ವೆಟ್‌ಸೂಟ್, ಜಾಕೆಟ್, ತೂಕದ ಪಟ್ಟಿ ಮೊದಲಾದವು ದೇಹಕ್ಕೆ ಸರಿಯಾಗಿ ಹೊಂದಿಕೊಳ್ಳಬೇಕು. ತುಂಬು ಮೈಕಟ್ಟಿನ ಮಹಿಳೆಯರಿಗೆ ಇಂತಹ ಉಡುಪನ್ನು ಆರಿಸುವುದು ಅಂದಕ್ಕಿಂತ ಮಿಗಿಲಾಗಿ ಸುರಕ್ಷತೆಯ ವಿಷಯವಾಗಿದೆ.

ಹಿನ್ನೆಲೆ

ಫ್ರಾನ್ಸಿನ ಝಾಕ್ ಕೂಸ್ಟೋ ಮತ್ತು ಎಮಿಲ್ ಗಾನ್ಯಾನ್ 1943ರಲ್ಲಿ ಆಕ್ವಾ-ಲಂಗ್ ಎಂಬ ಉಸಿರಾಟದ ಸಾಧನವನ್ನು ರೂಪಿಸಿದರು. 1950ರ ದಶಕದ ಆರಂಭದಲ್ಲಿ ಅಮೆರಿಕದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ ನಿಯೋಪ್ರೀನ್ ಎಂಬ ಕೃತಕ ರಬ್ಬರಿನ ವೆಟ್‌ಸೂಟನ್ನು ಅಭಿವೃದ್ಧಿಪಡಿಸಿದರು. ದೀರ್ಘಕಾಲ ಇಂತಹ ಉಡುಪುಗಳು ಬಹುಮಟ್ಟಿಗೆ ಪುರುಷರ ದೇಹದ ಅಳತೆಗೆ ತಕ್ಕಂತೆ ತಯಾರಾಗುತ್ತಿದ್ದವು. ಇಂದು ಮಹಿಳೆಯರಿಗಾಗಿಯೇ ಕತ್ತರಿಸಿ ಹೊಲಿದ ಉಡುಪುಗಳು ದೊರೆಯುತ್ತವೆ.

ವೆಟ್‌ಸೂಟ್

ನೀರು ದೇಹದ ಶಾಖವನ್ನು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಸೆಳೆದುಕೊಳ್ಳುತ್ತದೆ. ನಿಯೋಪ್ರೀನ್‌ನೊಳಗಿನ ಅನಿಲದ ಗುಳ್ಳೆಗಳು ಈ ನಷ್ಟವನ್ನು ತಗ್ಗಿಸುತ್ತವೆ. ಉಡುಪು ಸಡಿಲವಾಗಿದ್ದರೆ ತಣ್ಣೀರು ಒಳಗೆ ಹರಿದಾಡಿ ಚಳಿಯಾಗುತ್ತದೆ. ಎದೆಯ ಬಳಿ ಅತಿಯಾಗಿ ಬಿಗಿದರೆ ಉಸಿರಾಟಕ್ಕೆ ಅಡ್ಡಿಯಾಗುತ್ತದೆ. ಕುತ್ತಿಗೆಯಲ್ಲಿ ಬಿಗಿದರೆ ರಕ್ತನಾಳಗಳ ಮೇಲೆ ಒತ್ತಡ ಬಿದ್ದು ತಲೆಸುತ್ತು ಬರಬಹುದು.

ಉಡುಪಿನ ಮೇಲಿನ ಸಂಖ್ಯೆ ತಯಾರಕರಿಂದ ತಯಾರಕರಿಗೆ ಬದಲಾಗುವುದರಿಂದ ಅದನ್ನು ನಂಬದೆ ಎದೆ, ಸೊಂಟ, ನಿತಂಬ, ತೊಡೆ, ಮೀನಖಂಡ ಹಾಗೂ ಎತ್ತರವನ್ನು ಅಳೆದು ಅಳತೆಪಟ್ಟಿಯೊಡನೆ ಹೋಲಿಸಬೇಕು. ಎದೆಗೆ ಹೊಂದುವ ಉಡುಪು ಸೊಂಟದಲ್ಲಿ ಸಡಿಲವಾದರೆ ಮೇಲಂಗಿ ಮತ್ತು ಕೆಳಭಾಗ ಬೇರೆಬೇರೆಯಾಗಿರುವ ಎರಡು ತುಂಡಿನ ಉಡುಪು ಅನುಕೂಲಕರ. ಮುಂಭಾಗದಲ್ಲಿ ಜಿಪ್ ಇರುವ ಹಾಗೂ ಕಣಕಾಲಿನಲ್ಲಿಯೂ ಜಿಪ್ ಇರುವ ಮಾದರಿಗಳನ್ನು ಧರಿಸುವುದು ಸುಲಭ. ತೊಟ್ಟ ಬಳಿಕ ಕೈಗಳನ್ನು ಮೇಲೆತ್ತಿ, ಮೊಣಕಾಲೂರಿ, ಆಳವಾಗಿ ಉಸಿರೆಳೆದು ಪರೀಕ್ಷಿಸಬೇಕು.

ಜಾಕೆಟ್

ತೇಲುವಿಕೆಯನ್ನು ನಿಯಂತ್ರಿಸುವ ಗಾಳಿ ತುಂಬುವ ಜಾಕೆಟ್‌ಗೆ ಬಿಸಿಡಿ ಎಂದು ಹೆಸರು. ಮಹಿಳೆಯರ ಮಾದರಿಗಳಲ್ಲಿ ಸಾಮಾನ್ಯವಾಗಿ ಬೆನ್ನಿನ ಭಾಗ ಗಿಡ್ಡವಾಗಿದ್ದು, ಭುಜದ ಪಟ್ಟಿಗಳು ಎದೆಯನ್ನು ಒತ್ತದೆ ಬಳಸಿ ಇಳಿಯುತ್ತವೆ. ಗಾಳಿಯ ಚೀಲ ಬೆನ್ನಿನಲ್ಲಿಯೇ ಇರುವ ಮಾದರಿ ಎದೆ, ಹೊಟ್ಟೆಗಳನ್ನು ಹಿಸುಕುವುದಿಲ್ಲ. ಜಾಕೆಟ್ಟನ್ನು ವೆಟ್‌ಸೂಟಿನ ಮೇಲೆ ಧರಿಸಿ, ಪೂರ್ತಿ ಗಾಳಿ ತುಂಬಿ ನೋಡಿಯೇ ಆರಿಸುವುದು ಒಳಿತು.

ತೂಕ

ಕೊಬ್ಬು ನೀರಿಗಿಂತ ಹಗುರ. ನಿಯೋಪ್ರೀನ್ ಕೂಡ ತೇಲುತ್ತದೆ. ಆದ್ದರಿಂದ ಮುಳುಗಲು ಸೀಸದ ತೂಕ ಬೇಕಾಗುತ್ತದೆ. ಆದರೆ ಮೈಕಟ್ಟನ್ನು ಕಂಡು ತೂಕವನ್ನು ಊಹಿಸುವುದು ಅಪಾಯಕರ. ಹತ್ತು ಮೀಟರ್ ಆಳದಲ್ಲಿ ಒತ್ತಡವು ಮೇಲ್ಮೈಯ ಎರಡರಷ್ಟಾಗಿ ನಿಯೋಪ್ರೀನ್ ಕುಗ್ಗುತ್ತದೆ. ಆಗ ಅನಗತ್ಯ ತೂಕ ಹೊತ್ತವರು ಬೇಗನೆ ಕೆಳಗಿಳಿಯುತ್ತಾರೆ.

ಸಿಲಿಂಡರ್ ಬಹುಪಾಲು ಖಾಲಿಯಾಗಿರುವಾಗ, ಜಾಕೆಟ್ಟಿನ ಗಾಳಿಯನ್ನು ಹೊರಬಿಟ್ಟು, ಮೇಲ್ಮೈಯಲ್ಲಿ ನೆಟ್ಟಗೆ ನಿಂತ ಭಂಗಿಯಲ್ಲಿ ಸಾಧಾರಣ ಉಸಿರು ಹಿಡಿದಾಗ ನೀರು ಕಣ್ಣಿನ ಮಟ್ಟದಲ್ಲಿದ್ದರೆ ತೂಕ ಸರಿಯಾಗಿದೆ ಎಂದರ್ಥ. ಈ ಪರೀಕ್ಷೆಯನ್ನು ತರಬೇತುದಾರರ ಸಮ್ಮುಖದಲ್ಲಿ ಮಾಡಬೇಕು. ತೂಕದ ಪಟ್ಟಿ ಸೊಂಟದಿಂದ ಜಾರುವವರು ಜಾಕೆಟ್ಟಿನಲ್ಲಿಯೇ ಇರುವ ತೂಕದ ಜೇಬುಗಳನ್ನು ಬಳಸಬಹುದು. ತುರ್ತು ಸಮಯದಲ್ಲಿ ತೂಕವನ್ನು ಸುಲಭವಾಗಿ ಕಳಚಿಹಾಕುವಂತಿರಬೇಕು.

ಬಾಡಿಗೆ ಉಡುಪು

ಕರ್ನಾಟಕದಲ್ಲಿ ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದ ಸಮೀಪ, ಅರಬ್ಬಿ ಸಮುದ್ರದಲ್ಲಿರುವ ನೇತ್ರಾಣಿ ದ್ವೀಪವು ಸ್ಕೂಬಾ ಡೈವಿಂಗ್‌ಗೆ ಪ್ರಸಿದ್ಧವಾಗಿದೆ. ಇಂತಹ ತಾಣಗಳಲ್ಲಿ ಹೊಸಬರು ಸಾಮಾನ್ಯವಾಗಿ ಬಾಡಿಗೆಯ ಉಡುಪನ್ನೇ ಧರಿಸುತ್ತಾರೆ. ಕಾಯ್ದಿರಿಸುವಾಗಲೇ ದೇಹದ ಅಳತೆಗಳನ್ನು ತಿಳಿಸಿದರೆ ತಕ್ಕ ಉಡುಪನ್ನು ಸಿದ್ಧವಾಗಿಡಲು ಸಾಧ್ಯ. ಉಸಿರಾಟಕ್ಕೆ ತೊಡಕಾಗುವ ಉಡುಪನ್ನು ಸಂಕೋಚದಿಂದ ಒಪ್ಪಿಕೊಂಡು ನೀರಿಗಿಳಿಯಬಾರದು. ಬೇರೆ ಅಳತೆಯದನ್ನು ಕೇಳಿ ಪಡೆಯಬೇಕು.